ಗುರ್ತು ಹಾಕದ ಅಲೆಗಳು

ಬೀರು ಒರೆಸುವಾಗ ನನ್ನ ಪಿಎಚ್‌ಡಿಯ ಹಳೇ ಕರಡು ಸಿಕ್ಕಿತು. ಒಂದು ಪುಟದ ಮೇಲೆ ಕೆಮ್ಮಣ್ಣಿನ ಹೆಬ್ಬೆಟ್ಟು. ಮೂಗಿಗೆ ಹಿಡಿದರೆ ಇನ್ನೂ ಕುರಿಯ ವಾಸನೆ, ಅಥವಾ ಹಾಗೆಂದು ನನ್ನ ಭ್ರಮೆ.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಪಿಎಚ್‌ಡಿಯ ವಿಷಯ, ಭಿನ್ನಾಂಕ ಕ್ವಾಂಟಂ ಶಾಸ್ತ್ರದಲ್ಲಿ ಅಲೆಮುದ್ದೆಗಳ ಡಿಕ್ಕಿ. ಗಾಬರಿಯಾಗಬೇಡಿ. ಎಲ್ಲರೂ ಎರಡು ಎಂದು ಹಿಡಿಯುವ ಒಂದು ಘಾತವನ್ನು ನಾವು ಒಂದೂವರೆ ಎಂದು ಹಿಡಿಯುತ್ತೇವೆ. ಆಮೇಲೆ ಎರಡು ಪುಟ್ಟ ಅಲೆಗಳಿಗೆ ಒಂದಿಷ್ಟು ಜಗಳಗಂಟತನ ಕಲಿಸಿ, ಕಂಪ್ಯೂಟರಿನಲ್ಲಿ ಎದುರುಬದುರು ಬಿಡುತ್ತೇವೆ. ನನ್ನವು ಕೂಡಿದವು, ಗೊಂದಲವೆದ್ದಿತು, ಮತ್ತೆ ಎರಡಾಗಿ ಹೊರಬಂದವು. 'ಒಂದನ್ನೊಂದು ಹಾದುಹೋಗುತ್ತವೆ' ಎಂದು ಬರೆದೆ. ಐದು ವರ್ಷದ ದುಡಿಮೆಯೆಲ್ಲ ಆ ವಾಕ್ಯದ ಮೇಲೆ ನಿಂತಿತ್ತು. ಒಪ್ಪಿಸಲು ಉಳಿದದ್ದು ಒಂದೇ ವಾರ.

ಜಂಬಕ್ಕೆ ಕರಡನ್ನು ಕಂಕುಳಲ್ಲಿಟ್ಟುಕೊಂಡು ಕೂಡ್ಲಿಗಿ ಕಡೆಯ ನಮ್ಮೂರಿಗೆ ಹೋದೆ. ದೊಡ್ಡಪ್ಪ ಕುರಿಗಳ ಬೆನ್ನಿಗೆ ಕೆಮ್ಮಣ್ಣು ಹಚ್ಚುತ್ತಿದ್ದ. ಹಳ್ಳದ ದಾರಿಯಲ್ಲಿ ಬೇರೆಯವರ ಹಿಂಡು ಎದುರಾಗುವ ಮುಂಚೆ ಅದು ಅವನ ಕಡ್ಡಾಯದ ಕೆಲಸ.

"ಏನ್ ಕಂಡುಹಿಡ್ದಿಯಲೇ, ಇಷ್ಟ್ ವರ್ಷ ಕುಂತು?"

"ಎರಡು ಅಲಿ ಎದುರುಬದುರು ಬಂದು, ಒಂದರಾಗೊಂದು ನುಗ್ಗಿ, ಆಕಡಿ ಈಕಡಿ ಹೋಗ್ತಾವ, ದೊಡ್ಡಪ್ಪ."

"ಎರಡೂ ಒಂದಾ ಥರ ಅದಾವೇನು?"

"ಒಂಚೂರೂ ಫರಕ್ ಇಲ್ಲ."

"ಹಂಗಂದ್ರ ಹಾದು ಹೋದ್ವೋ, ಡಿಕ್ಕಿ ಹೊಡ್ದು ಹೊಳ್ಳಿ ಬಂದ್ವೋ, ಹೆಂಗ ಹೇಳ್ತೀಯಲೇ? ಗುರ್ತು ಹಾಕಿದ್ದೇನು?"

ನಾನು ಕರಡು ಬಿಚ್ಚಿ ಡಿಕ್ಕಿಯ ಚಿತ್ರ ತೋರಿಸಿದೆ. ಅವನು ಬಗ್ಗಿ ಚಿತ್ರದ ಒಂದು ಅಲೆಯ ಮೇಲೆ ಹೆಬ್ಬೆಟ್ಟು ಒತ್ತಿದ. "ಇದಕ್ಕ ಬಣ್ಣ ಹಚ್ಚಿ ಬಿಡು. ಆಮ್ಯಾಲೆ ಬರಿ."

ಸಿಟ್ಟು ಬಂತು. ಬಸ್ಸು ಕೊಟ್ಟೂರು ದಾಟುವಷ್ಟರಲ್ಲಿ ಸಿಟ್ಟು ಹೋಗಿ ಹೆದರಿಕೆ ಹತ್ತಿತ್ತು. ಮನೆಗೆ ಬಂದವನೇ ಒಂದು ಅಲೆಯನ್ನು ಕೂದಲೆಳೆಯಷ್ಟು ಎತ್ತರ ಮಾಡಿ ಬಿಟ್ಟೆ. ಅಯ್ಯೋ ಶಿವನೇ, ಎತ್ತರದ್ದು ಬಂದ ಕಡೆಗೇ ವಾಪಸ್ಸು! ಹಾದುಹೋದದ್ದು ಯಾವುದೂ ಇರಲಿಲ್ಲ. ಪ್ರಬಂಧ ಒಂದು ವರ್ಷ ತಡವಾಯಿತು, ಆದರೆ ಸುಳ್ಳಾಗಲಿಲ್ಲ.

ಅಚ್ಚಾದ ಪ್ರತಿಯ ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರಿದ್ದಾರೆ, ಗ್ರಂಥಾಲಯದವರಿದ್ದಾರೆ, ಬೈಂಡಿಂಗ್ ಮಾಡಿದವನೂ ಇದ್ದಾನೆ. ದೊಡ್ಡಪ್ಪ ಇಲ್ಲ. ಕುರಿ ಕಾಯುವವನ ಹೆಸರು ಕಂಡರೆ ಪರೀಕ್ಷಕರು ನಕ್ಕಾರೆಂದು ನಾಚಿದ್ದೆ. ಈಗ ಆ ನಾಚಿಕೆಯನ್ನು ನೆನೆದರೆ ನಾಚಿಕೆಯಾಗುತ್ತದೆ.

ಅವನು ಹೋಗಿ ಮೂರು ವರ್ಷವಾಯಿತು. ಇವತ್ತು ಬೀರುವಿನಿಂದ ನನ್ನ ಪ್ರತಿಯನ್ನೂ ತೆಗೆದು, ಆ ಪುಟದ ತುದಿಗೆ ಪೆನ್ನಿನಿಂದ ಅವನ ಹೆಸರು ಬರೆದೆ. ಉಳಿದ ಪ್ರತಿಗಳು ಯಾವ ಯಾವ ಕಪಾಟಿನಲ್ಲಿವೆಯೋ. ಅವಕ್ಕೆ ಗುರ್ತು ಹಾಕಲಿಲ್ಲ.