ಓದಿ ಹೇಳುವ ಚಟ

ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವುದು ನನ್ನ ಚಟ. ಬೀಗರಿಗೆ ಬರೆದ ಕಾರ್ಡಿರಲಿ, ಸಂತೆಯಿಂದ ತರಬೇಕಾದ ಸಾಮಾನಿನ ಯಾದಿಯಿರಲಿ, ಬರೆದು ಮುಗಿಸಿದೊಡನೆ ಹೇಳಿ ಬರೆಸಿದವರನ್ನು ಎದುರಿಗೆ ಕೂಡಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ, 'ಹೌದೇನು? ಹೀಂಗ ಅಲ್ಲೇನು ನೀ ಹೇಳಿದ್ದು?' ಎಂದು ಕೇಳದೆ ನನಗೆ ಸಮಾಧಾನವಿಲ್ಲ. 'ಜೀರಿಗಿ, ಸಾಸಿವಿ ಅನ್ನೋದನ್ನೂ ಪುರಾಣ ಓದಿದ್ಹಂಗ ಓದ್ತೀರಲ್ಲ, ಮಂಗಳಾರತಿ ತರ್ಲೇನು?' ಎಂದು ನನ್ನಾಕೆ ಹಂಗಿಸುತ್ತಾಳೆ. ಹಂಗಿಸಲಿ. ಓದುಗ ಮಹಾಶಯರೇ, ಈ ಚಟಕ್ಕೊಂದು ಪೂರ್ವಕಥೆಯಿದೆ. ಅದನ್ನು ಆಕೆಗೂ ನಾನು ಇದುವರೆಗೆ ಹೇಳಿರಲಿಲ್ಲ.

ನಿಜಾಮರ ಕಾಲದಲ್ಲಿ ನಾನು ಸಿಂಧನೂರಿನ ತಹಸೀಲು ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಕೂತು ಅರ್ಜಿ ಬರೆದು ಬದುಕುತ್ತಿದ್ದೆ. ಊರು ಮಾತಾಡುವುದು ಕನ್ನಡ, ಕಚೇರಿಗೆ ಕೇಳಿಸುವುದು ಉರ್ದು. ನಡುವಿನ ಹೊಳೆಯನ್ನು ಜನರಿಗೆ ದಾಟಿಸಿಕೊಡುವುದೇ ನನ್ನ ಕಸುಬು. ಕನ್ನಡ ನನಗೆ ಅಜ್ಜಿಯ ಬೀಸುವ ಹಾಡಿನಿಂದ, ಅಜ್ಜನ ಪುರಾಣಪಠಣದಿಂದ ಬಂದದ್ದು. ಉರ್ದು, ಅದೇ ಬೇವಿನ ಕೆಳಗೆ ನನಗಿಂತ ಮೊದಲಿನಿಂದ ಕೂಡುತ್ತಿದ್ದ ಮುನ್ಶಿ ಸಾಹೇಬರಿಂದ. ಗಡ್ಡ ನೀವಿಕೊಳ್ಳುತ್ತ ಅವರು ಕಲಿಸಿದ ಮೊದಲ ಪಾಠ: 'ನೋಡಪಾ, ಅರ್ಜಿ ಅಳಬೇಕು. ಸಾಹೇಬರ ರುಮಾಲು ತೊಯ್ಯಬೇಕು.' ಹಾಗಾಗಿ ನಮ್ಮ ಅರ್ಜಿಗಳಲ್ಲಿ ಗಟ್ಟಿಮುಟ್ಟಾದ ಮನುಷ್ಯನೇ ಇರುತ್ತಿರಲಿಲ್ಲ. ಎಮ್ಮೆ ಕಳೆದುಕೊಂಡವನಾಗಲಿ, ಗಡಿಕಲ್ಲಿನ ತಕರಾರಿನವನಾಗಲಿ, ಕಾಗದಕ್ಕೆ ಇಳಿದನೆಂದರೆ ವಯೋವೃದ್ಧ, ಕ್ಷೀಣದೃಷ್ಟಿ, ಕಂಪಿತಹಸ್ತ, ಬಹುಕುಟುಂಬಿ. ಆಗ ತಾನೇ ಮದುವೆಯಾಗಿ ಬಂದ ಮದುಮಗನನ್ನೂ ನಾನು ಎರಡು ಸಾಲಿನಲ್ಲಿ ಮುದುಕನನ್ನಾಗಿಸಿದ್ದುಂಟು. ಹಳೆಯ ಅಧಿಕಾರಿಗಳಿಗೆ ಈ ಸಂಪ್ರದಾಯ ಗೊತ್ತಿತ್ತು; ಊಟಕ್ಕೆ ಮೊದಲು ಎಲೆಯ ಬದಿಗಿಡುವ ಚಿತ್ರಾವತಿಯ ಅಗುಳಿನಂತೆ ಅಳುವನ್ನೆಲ್ಲ ಬದಿಗಿಟ್ಟು ಅವರು ಮುಂದಿನದನ್ನು ಓದುತ್ತಿದ್ದರು.

ದಢೇಸುಗೂರಿನ ಅಂಬಿಗ ಯಂಕಪ್ಪ ನನ್ನಲ್ಲಿಗೆ ಬಂದದ್ದು ಒಂದು ಬೇಸಿಗೆಯ ಮುಂಜಾನೆ, ಹೊಳೆಯ ಉಸುಕಿನಲ್ಲಿ ಬೆಳೆದ ಕರಬೂಜದ ಹಣ್ಣೊಂದನ್ನು ಬಗಲಲ್ಲಿಟ್ಟುಕೊಂಡು. ತುಂಗಭದ್ರೆಯ ಈಚೆ ದಂಡೆ ನಿಜಾಮರದು, ಆಚೆ ದಂಡೆ ಇಂಗ್ರೇಜರದು. ಎರಡು ಸರಕಾರಗಳ ನಡುವೆ ತೊಗಲಿನ ಹರಗೋಲು ಹಾಕುವುದು ಅವನ ಅಜ್ಜನ ಕಾಲದಿಂದ ಬಂದ ಕಸುಬು. ಐವತ್ತು ದಾಟಿದ್ದರೂ ಆಳು ಜಾಲಿಯ ಕೊರಡು. ಹಿಂದೊಮ್ಮೆ ಅವನ ಹರಗೋಲಿನಲ್ಲಿ ಹೊಳೆ ದಾಟುವಾಗ, ಆಚೆ ದಂಡೆಯಲ್ಲಿ ನನಗೆ ಬರೀ ಧೂಳು ಕಾಣುತ್ತಿದ್ದರೆ ಅವನು, 'ಅಕಾ ಅಲ್ಲಿ, ಕೆಂದೆತ್ತು ನಿಂತೈತಿ ನೋಡ್ರಿ, ಎಡಗೋಡು ಮುರದೈತಿ' ಎಂದಿದ್ದ. ದಂಡೆ ಮುಟ್ಟಿ ನೋಡಿದರೆ ಎತ್ತೂ ಕೆಂದು, ಮುರಿದದ್ದೂ ಎಡಗೋಡೇ.

ಲಿಂಗಸುಗೂರಿನ ಮೇಲಿನ ಕಚೇರಿಗೆ ಹೊಸದಾಗಿ ಬಂದಿದ್ದ ಸಾಹೇಬರು, ಬಾಯಿಮಾತಿನ ಮೇಲೆ ನಡೆದುಬಂದ ಕಸುಬಿಗೆಲ್ಲ ಇನ್ನು ಕಾಗದ ಬೇಕೆಂದು ಹೇಳಿಕಳಿಸಿದ್ದರು. ಯಂಕಪ್ಪ ಕುಕ್ಕರಗಾಲಲ್ಲಿ ಕೂತು, 'ಧಣ್ಯಾರ, ಭಾಳೇನು ಬ್ಯಾಡ್ರಿ. ಯಂಕಪ್ಪ ಹರಗೋಲು ಹಾಕಾಕತ್ಯಾನ, ಮುಂದನೂ ಅವನ ಹಾಕ್ಲಿ. ಇಷ್ಟ ಬರೀರಿ, ಸಾಕು' ಎಂದ.

ಇಷ್ಟೇ ಬರೆಯಲು ನಾನೇಕೆ ಬೇಕು? ನನ್ನ ಪಾಂಡಿತ್ಯಕ್ಕೆ ಪೆಟ್ಟು ಬಿದ್ದಂತಾಯಿತು. ಬರುಕಡ್ಡಿಯ ಲೇಖಣಿ ಚೂಪು ಮಾಡಿ ಎರಡು ಮಗ್ಗಲು ತುಂಬ ಬರೆದೆ. ಅವನ ಕಣ್ಣಿಗೆ ಮಂಜು ಕವಿಸಿದೆ, ಕೈಗೆ ನಡುಕ ಹತ್ತಿಸಿದೆ, ಕೊನೆಗೆ ಹರಗೋಲಿನ ಮಾತನ್ನು ಒಂದು ಸಾಲಿನಲ್ಲಿ ತುರುಕಿದೆ. ಆಮೇಲೆ ಉರ್ದುವಿನಲ್ಲೇ ರಾಗವಾಗಿ ಓದಿದೆ. ಒಂದಕ್ಷರ ತಿಳಿಯದ ಯಂಕಪ್ಪ ತಲೆದೂಗಿದ.

'ಏನ್ ಚಂದ ಐತ್ರೀ! ನನ್ನ ಸುದ್ದಿ ಅಂತ ಅನಸವಲ್ದು ನೋಡ್ರಿ. ಏನಂತ ಬರದೀರಿ?'

'ಎಲ್ಲಾ ನಿಂದ ಅದ. ಹೆಬ್ಬೆಟ್ಟು ಒತ್ತು' ಎಂದೆ. ಹಿಂದೆ ಇನ್ನಿಬ್ಬರು ಗಿರಾಕಿಗಳು ಕಾದಿದ್ದರು.

ಯಾರ ಕೈಯಲ್ಲೂ ಕೊಡದೆ, ಮಸ್ಕಿಯ ಮೇಲೆ ಹಾದು ಲಿಂಗಸುಗೂರಿಗೆ ನಡೆದೇ ಹೋಗಿ, ಅವನು ಅದನ್ನು ಮುಟ್ಟಿಸಿ ಬಂದ.

ಹೊಸ ಸಾಹೇಬರು ಕೆಟ್ಟವರಲ್ಲ. ತೊಡಕಾದದ್ದೂ ಅದೇ. ಅಕ್ಷರ ಬಿಡದೆ ಓದುವವರು, ಓದಿದ್ದನ್ನು ನಂಬುವವರು. ತಿಂಗಳೊಪ್ಪತ್ತಿಗೆ ಬಂದ ಹುಕುಮನ್ನು ಯಂಕಪ್ಪ ಓದಿಸಲು ನನ್ನ ಹತ್ತಿರವೇ ತಂದ. ಅರ್ಜಿದಾರನು ತಾನೇ ಒಪ್ಪಿಕೊಂಡಂತೆ ದೃಷ್ಟಿಹೀನನೂ ದುರ್ಬಲಹಸ್ತನೂ ಆಗಿರುವುದರಿಂದ, ಪ್ರಜೆಗಳ ಪ್ರಾಣವನ್ನು ಅವನ ಕೈಗೆ ಒಪ್ಪಿಸುವುದು ತರವಲ್ಲ; ಕರುಣೆಯಿಂದ ಅವನನ್ನು ಬಿಡುಗಡೆ ಮಾಡಿ ಹರಗೋಲನ್ನು ಬೇರೊಬ್ಬನಿಗೆ ವಹಿಸಲಾಗಿದೆ. 'ತಾನೇ ಒಪ್ಪಿಕೊಂಡಂತೆ' ಎಂಬುದನ್ನು ನುಂಗಿ, ಉಳಿದದ್ದನ್ನು ಕನ್ನಡದಲ್ಲಿ ಹೇಳಿದೆ.

'ನನ್ನ ಕಣ್ಣೇನ್ರಿ?' ಎಂದ ಯಂಕಪ್ಪ. 'ಲಿಂಗಸುಗೂರಾಗ ಕುಂತವರಿಗೆ ಯಾರು ಹೇಳಿದ್ರು?'

ಬದಿಯಲ್ಲಿ ಎಲೆ ಅಡಿಕೆ ಮಾರುತ್ತಿದ್ದ ಹುಸೇನಬಿ, 'ಏ ಯಂಕಪ್ಪಣ್ಣ, ಸರಕಾರದ ಹಂತ್ಯಾಕ ದುರ್ಬೀನ್ ಇರ್ತೈತಪಾ. ನಿನ್ನ ಕಣ್ಣಾಗಿನ ಪಿಸರನೂ ಕಾಣ್ತೈತಿ!' ಎಂದು ನಕ್ಕಳು. ನಾಲ್ಕು ಮಂದಿ ನಕ್ಕರು. ನಾನು ಮುನ್ಶಿ ಸಾಹೇಬರ ಮುಖ ನೋಡಿದೆ. ಅವರು ನನ್ನ ಕಡೆ ಬಗ್ಗಿ, ನನಗಷ್ಟೇ ಕೇಳುವಂತೆ, 'ಮೊದಲಿನ ಅರ್ಜಿ ಸುಳ್ಳು ಅಂತ ಬರೀತಿಯೇನು? ಅದರ ಕೆಳಗ ಬರದವನ ಹೆಸರು ಯಾರದೈತಿ ನೋಡಿಕೋ. ನಾಳಿಂದ ಈ ನೆರಳು ಇರಂಗಿಲ್ಲ ನಿನಗ' ಎಂದರು.

ಬೇವಿನ ನೆರಳು ನನ್ನ ಅನ್ನ. ಹರಗೋಲು ಅವನ ಅನ್ನ. ಒಂದು ನಿಜ ಹೇಳಿದ್ದರೆ ಅವನದು ಉಳಿಯಬಹುದಿತ್ತು. ನಾನು ಅರೆಮನಸ್ಸಿನಿಂದ, 'ಇನ್ನೊಂದು ಅರ್ಜಿ ಕೊಟ್ಟು ನೋಡೋಣೇನು?' ಎಂದೆ, ಬೇಡವೆನ್ನಲಿ ಎಂಬ ದನಿಯಲ್ಲಿ.

'ಬ್ಯಾಡ ಬಿಡ್ರಿ. ಅಷ್ಟು ದೊಡ್ಡ ಸರಕಾರ, ಸುಳ್ಳ್ಯಾಕ ಬರೀತೈತಿ?' ಎಂದವನೇ ಎಡಗಣ್ಣಿಗೆ ಅಂಗೈ ಮುಚ್ಚಿ ಕಚೇರಿಯ ಮೇಲಿನ ನಿಶಾನೆಯನ್ನು ನೋಡಿದ. ಆಮೇಲೆ ಬಲಗಣ್ಣಿಗೆ ಮುಚ್ಚಿ ನೋಡಿದ.

ಸುಗ್ಗಿ ಕಳೆದ ಮೇಲೆ ಯಾವುದೋ ಕೆಲಸಕ್ಕೆ ನಾನು ಹೊಳೆ ದಾಟಬೇಕಾಯಿತು. ಹರಗೋಲಿನಲ್ಲಿ ಹೊಸಬನೊಬ್ಬ ಕೋಲು ಹಿಡಿದಿದ್ದ. ಯಂಕಪ್ಪ ಉಸುಕಿನಲ್ಲಿ ಕರಬೂಜದ ಬಳ್ಳಿ ಕಾಯುತ್ತ ಕೂತಿದ್ದ. ಹತ್ತು ಹೆಜ್ಜೆ ದೂರದಲ್ಲಿದ್ದ ನನ್ನನ್ನು ಹಣೆಗೆ ಕೈಯಡ್ಡ ಹಿಡಿದು ನೋಡಿ, 'ಯಾರ್ರೀ ಅದು?' ಎಂದ. ನಾನು ಯಾರೆಂದು ಹೇಳಿದೆ. ಖುಷಿಯಿಂದ ಒಂದು ಹಣ್ಣು ಕಿತ್ತುಕೊಟ್ಟ.

'ಯಂಕಪ್ಪ, ಆಚೆ ದಂಡ್ಯಾಗ ಅದೇನು ನಿಂತದ ನೋಡು' ಎಂದೆ.

ಅವನು ತಲೆಯೆತ್ತಿದ. ಬಾಯಿ ತೆರೆದ. ಕಣ್ಣು ಒಂದು ಕಡೆ ನೆಟ್ಟಿತು. ಅಲ್ಲಿ ಅವನಿಗೇನೋ ಕಂಡಿತ್ತೆಂದು ನಾನು ಇಂದಿಗೂ ಪ್ರಮಾಣ ಮಾಡಬಲ್ಲೆ. ಆಮೇಲೆ ತೆರೆದ ಬಾಯಿ ಮುಚ್ಚಿ, ಮುಖ ಕೆಳಗೆ ಹಾಕಿದ.

'ನನಗೆಲ್ಲಿ ಕಾಣ್ತೈತ್ರಿ ಧಣ್ಯಾರ. ಬರಹದಾಗ ಬಂದೈತಲ್ಲ.'

ಬರೆದವನು ನಾನೆಂದು ಅಲ್ಲಿಯೇ ಹೇಳಬೇಕಿತ್ತು. 'ಹತ್ರಿ, ಹತ್ರಿ' ಎಂದು ಹೊಸ ಅಂಬಿಗ ಕೂಗಿದ; ನಾನು ಹತ್ತಿದೆ. ನಾನು ಇನ್ನೊಮ್ಮೆ ಆ ಕಡೆ ಹೋಗುವ ಹೊತ್ತಿಗೆ ಬಳ್ಳಿ ಕಾಯುವವರು ಬೇರೆಯಾಗಿದ್ದರು.

ಇದನ್ನೂ ಬರೆದು ಮುಗಿಸಿ ಗಟ್ಟಿಯಾಗಿ ಓದಿದೆ. ನನ್ನಾಕೆ ಒಲೆಯ ಮುಂದಿನಿಂದ ಎದ್ದುಬಂದು ಕೂತಳು, ಮಂಗಳಾರತಿಯ ಮಾತೆತ್ತಲಿಲ್ಲ. ಕೆಂದೆತ್ತಿನ ಎಡಗೋಡು ಮುರಿದಿತ್ತೆಂಬ ಸಾಲಿಗೆ ಬಂದಾಗ ಅದನ್ನು ಎರಡು ಸಲ ಓದಿದೆ. ರೂಢಿಯಂತೆ 'ಹೌದೇನು?' ಎಂದು ಕೇಳಲು ತಲೆಯೆತ್ತಿದೆ. ಹೌದೆನ್ನಬೇಕಾದವನು ಎದುರಿಗಿರಲಿಲ್ಲ.