ಕಂಬಳಿ ಹಾಸಿದ ಬೀರು

ಅವ್ವನ ಬೀರು ನನಗಿಂತ ಎರಡು ವರ್ಷ ದೊಡ್ಡದು. ಕಂಪ್ಲಿಯ ತವರಿನವರು ಅವಳ ಮದುವೆಯಲ್ಲಿ ಕೊಟ್ಟದ್ದು. ಹಸಿರು ಬಣ್ಣದ ತಗಡಿನ ಬೀರು, ಒಂದು ಬಾಗಿಲಿಗೆ ಉದ್ದನೆಯ ಕನ್ನಡಿ. ಅಕ್ಕಿ ಸಾಗಿಸುವ ಲಾರಿಯಲ್ಲಿ ಅದನ್ನು ಮಲಗಿಸಿಕೊಂಡು ದೋಣಿಮಲೈಯ ಕ್ವಾರ್ಟರ್ಸಿಗೆ ತಂದರಂತೆ. ಗೋಡೆಗೆ ಆನಿಸಿ ನಿಲ್ಲಿಸಿದ ಮೇಲೆ ಜೊತೆಗೆ ಬಂದಿದ್ದ ಅಜ್ಜಿ, ಅವ್ವನ ಅವ್ವ, ಮಾಡಿದ ಮೊದಲ ಕೆಲಸ, ಅಜ್ಜ ಮಳೆಗಾಲದಲ್ಲಿ ಗದ್ದೆಗೆ ಹೊದ್ದುಕೊಂಡು ಹೋಗುತ್ತಿದ್ದ ಕರಿ ಕಂಬಳಿಯಿಂದ ಒಂದು ತುಂಡು ಕತ್ತರಿಸಿ ತಳಕ್ಕೆ ಹಾಸಿದ್ದು. ಅವ್ವನ ತವರಿನಲ್ಲಿ ಅದು ಪದ್ಧತಿ. ಕಂಬಳಿ ಹಾಸುವವರೆಗೆ ಒಳಗೆ ಒಂದು ಕುಪ್ಪಸದ ಬಟ್ಟೆಯನ್ನೂ ಇಡಗೊಡಲಿಲ್ಲವಂತೆ.

ಗಣಿಯ ಊರಿನಲ್ಲಿ ಕೆಂಪು ಧೂಳಿಗೆ ಎಲ್ಲ ಮನೆಯೂ ತವರೇ. ಅಪ್ಪನ ಅಂಗಿಯ ಕಾಲರು, ದೇವರ ಫೋಟೋ, ಮುಚ್ಚಿಟ್ಟ ಅನ್ನದ ತಪ್ಪಲೆ, ಯಾವುದನ್ನೂ ಅದು ಬಿಡುತ್ತಿರಲಿಲ್ಲ. ಬೀರುವಿನೊಳಕ್ಕೆ ನುಗ್ಗಿದ್ದು ಮಾತ್ರ ಕಂಬಳಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಯುಗಾದಿಗೆ ಮುಂಚೆ ಅವ್ವ ಅದನ್ನು ಹೊರಗೆ ತಂದು ಕೊಡವಿದರೆ ಅಂಗಳವೇ ಕೆಂಪಾಗುತ್ತಿತ್ತು. ಬೀರುವಿನ ಕೀಲಿ ಸದಾ ಅವಳ ಸೊಂಟದಲ್ಲಿ. ನನ್ನ ಶಾಲೆಯ ಸರ್ಟಿಫಿಕೇಟಿರಲಿ, ಅಪ್ಪನ ಹಬ್ಬದ ಪಂಚೆಯಿರಲಿ, ಬೇಕಾದವರು ಅವಳನ್ನು ಕೇಳಿಯೇ ಪಡೆಯಬೇಕಿತ್ತು. ಆ ಮನೆ ಕಂಪನಿಯದು, ಸಂಬಳ ಅಪ್ಪನದು, ಬೀರು ಅವ್ವನದು.

ಮುಂದೆ ನಾನು ಹಂಪಿಯಲ್ಲಿ ಗೈಡ್ ಆದೆ. ಹೊಟ್ಟೆಪಾಡಿಗೆಂದು ಫ್ರೆಂಚ್ ಕಲಿತೆ. ಮೊದಮೊದಲ ಪಾಠಗಳಲ್ಲೇ ‘ಬ್ಯೂರೋ’ ಎಂಬ ಮಾತು ಬಂತು. ನಮ್ಮ ಬೀರು ಹುಟ್ಟಿದ್ದು ಅದರಿಂದಲೇ ಎಂದು ಗೊತ್ತಾಗಿ ಖುಷಿಯಾಯಿತು, ಆದರೆ ಅರ್ಥ ಮಾತ್ರ ಆಫೀಸು ಎಂದಿತ್ತು. ನಮ್ಮಪ್ಪ ಗಣಿಯಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿನ ಗುಮಾಸ್ತ. ಅಂದರೆ ಆತ ಇಷ್ಟು ವರ್ಷ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬೀರುವಿಗೆ ಹೋಗಿ ಬಂದಂತಾಯಿತು. ಮನೆಗೆ ಬಂದು ನಗುತ್ತ ಹೇಳಿದೆ. ಅವ್ವ ನಗಲಿಲ್ಲ. ತಾನು ಆತನನ್ನು ಬೀರುವಿನ ಹತ್ತಿರ ಬಿಟ್ಟುಕೊಂಡರೆ ತಾನೆ, ಎಂದಳು.

ಅಲ್ಲಿಂದ ನನಗೆ ಅದೊಂದು ಗೀಳು ಹಿಡಿಯಿತು. ಹಂಪಿಗೆ ಬಂದವರನ್ನೆಲ್ಲ ಈ ಮಾತಿನ ಬಗ್ಗೆ ಕೇಳುವುದು. ಜರ್ಮನಿಯವರಿಗೂ ಅದು ಆಫೀಸೇ. ಇಂಗ್ಲೆಂಡಿನವರಿಗೆ ಬರೆಯುವ ಮೇಜು, ಅದೇ ಇಂಗ್ಲಿಷ್ ಆಡುವ ಅಮೆರಿಕದವರಿಗೆ ಬಟ್ಟೆಯಿಡುವ ಡ್ರಾಯರುಗಳ ಪೆಟ್ಟಿಗೆ. ಸ್ಪ್ಯಾನಿಷ್ ಮಾತಾಡುವ ಮೆಕ್ಸಿಕೋದ ಹುಡುಗಿಯೊಬ್ಬಳು ಮಂಚದ ಪಕ್ಕ ನೀರಿನ ಲೋಟ ಇಡುವ ಪುಟ್ಟ ಮೇಜಿಗೆ ಹಾಗೆನ್ನುತ್ತೇವೆ ಎಂದಳು. ನಮ್ಮ ಪಕ್ಕದ ತೆಲುಗರು ಬೀರುವಾ ಎನ್ನುತ್ತಾರೆ, ತಮಿಳರು ಬೀರೋ. ಒಂದೇ ಮಾತು ಊರೂರು ತಿರುಗಿ, ಹೋದ ಮನೆಯಲ್ಲೆಲ್ಲ ಅಲ್ಲಿಯ ಕೆಲಸಕ್ಕೆ ನಿಂತಿದೆ. ಸೊಸೆಯರ ಹಾಗೆ.

ಒಂದು ಚಳಿಗಾಲ ಫ್ರಾನ್ಸಿನಿಂದ ಬಂದ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿಗೆ ಊರು ತೋರಿಸುತ್ತಿದ್ದೆ. ಎಳನೀರು ಕುಡಿಯುತ್ತ ಕುಳಿತಾಗ ನನ್ನ ಮಾಮೂಲು ಪ್ರಶ್ನೆ ಕೇಳಿದೆ. ಆಫೀಸೂ ಅಲ್ಲ, ಮೇಜೂ ಅಲ್ಲ, ಮೊದಲು ಅದು ಬಟ್ಟೆ ಎಂದರು ಆಕೆ. ಕುರಿಯ ಉಣ್ಣೆಯ ಒರಟು ಬಟ್ಟೆ. ಹಿಂದಿನ ಕಾಲದ ಬರಹಗಾರರು ಅದನ್ನು ಮೇಜಿನ ಮೇಲೆ ಹಾಸಿಕೊಂಡು ಬರೆಯುತ್ತಿದ್ದರಂತೆ. ಬಟ್ಟೆಯ ಹೆಸರು ಮೇಜಿಗೆ ಬಂತು, ಮೇಜಿನದು ಕೋಣೆಗೆ, ಕೋಣೆಯದು ಕಚೇರಿಗೆ. ಎಂಥ ಬಟ್ಟೆ ಎಂದು ಕೇಳಿದೆ. ಅಷ್ಟರಲ್ಲಿ ಕಲ್ಲುಬಂಡೆಗಳ ನಡುವೆ ಕುರಿ ಹೊಡೆದುಕೊಂಡು ಒಬ್ಬ ಮುದುಕ ಬಂದ. ಆಕೆ ಎದ್ದು ಹೋಗಿ, ಅವನನ್ನು ಕೇಳಿ, ಅವನ ಹೆಗಲ ಕಂಬಳಿಯನ್ನು ಮುಟ್ಟಿ ನೋಡಿದರು. ಹೆಚ್ಚುಕಡಿಮೆ ಇದೇ, ಎಂದರು. ಅವತ್ತೇ ಹೋಗಿ ಅವ್ವನಿಗೆ ಹೇಳಬೇಕು ಎಂದುಕೊಂಡೆ. ಸೀಸನ್ನಿನ ಗಡಿಬಿಡಿಯಲ್ಲಿ ಮರೆತೇಬಿಟ್ಟೆ.

ಆಮೇಲೆ ಅಪ್ಪನ ನಿವೃತ್ತಿ ಬಂತು. ಕ್ವಾರ್ಟರ್ಸ್ ಬಿಡಬೇಕು. ನಾನು ಒಬ್ಬಳೇ ಮಗಳು. ಹೊಸಪೇಟೆಯಲ್ಲಿ ಮಹಡಿಯ ಮೇಲೆ ನನ್ನ ಮನೆ, ಇಬ್ಬರೂ ಬಂದಿರಲಿ ಎಂದು ನನ್ನ ಗಂಡನೂ ಹೇಳಿದ. ಅಪ್ಪ ಒಂದೇ ಮಾತಿಗೆ ಒಪ್ಪಿದ. ಅವ್ವ, ಬೀರು ಎಲ್ಲಿ ಇಡುತ್ತೀ ಎಂದು ಮಾತ್ರ ಕೇಳಿದಳು.

ಅಪ್ಪ ಟೇಪು ಹಿಡಿದುಕೊಂಡು ಬಂದ. ಜೀವಮಾನವಿಡೀ ಗಂಟೆ ನಿಮಿಷ ಬರೆದ ಮನುಷ್ಯ, ಅಳತೆಯಲ್ಲಿ ತಪ್ಪುವನೇ? ಬೀರುವಿನ ಎತ್ತರ, ಅಗಲ, ನಮ್ಮ ಬಾಗಿಲು, ನಡುಮನೆ, ಕೋಣೆಯ ಗೋಡೆ, ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡ. ಬರೆಯದೆ ಬಿಟ್ಟದ್ದು ಒಂದೇ, ಮೆಟ್ಟಿಲು. ನೆಲಕ್ಕೆ ಅಂಟಿಕೊಂಡ ಕ್ವಾರ್ಟರ್ಸಿನಲ್ಲೇ ಆಯುಷ್ಯ ಕಳೆದವರಿಗೆ ಮೆಟ್ಟಿಲು ಅನ್ನುವುದು ಲೆಕ್ಕಕ್ಕೇ ಬರಲಿಲ್ಲ.

ನಾಲ್ವರು ಹಮಾಲರು ಬೀರುವನ್ನು ಹೊತ್ತು ಏಳು ಮೆಟ್ಟಿಲು ಹತ್ತಿದರು. ನಡುವಿನ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಹಿಂದೆ ತಂದರು, ಮಗ್ಗುಲಾಗಿಸಿದರು, ತಲೆಕೆಳಗು ಮಾಡಿದರು. ಗೋಡೆಯ ಸುಣ್ಣ ಕಿತ್ತು ಬಂತು, ಬೀರು ಬರಲಿಲ್ಲ. ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆಯೋಣವೆಂದರೆ ಮೊಳ ದೂರದಲ್ಲಿ ಕರೆಂಟಿನ ತಂತಿ. ಬಿಚ್ಚಿ ಜೋಡಿಸೋಣವೆಂದರೆ ಹಳೇ ಕಾಲದ ಬೆಸುಗೆ. ಅಪ್ಪ ಡೈರಿ ತೆಗೆದು ತನ್ನ ಅಂಕಿಗಳನ್ನೇ ಮತ್ತೆ ಓದುತ್ತ ನಿಂತ. ನನಗೆ ಸಿಟ್ಟೂ ಬಂತು, ನಗೂ ಬಂತು. ಗುಜರಿಗೆ ಹಾಕಿ ಹೊಸದು ತರೋಣ ಎಂದುಬಿಟ್ಟೆ. ಆ ಮಾತು ಆಡಬಾರದಿತ್ತು.

“ಬೀರು ಮ್ಯಾಲೆ ಬರಂಗಿಲ್ಲಂದ್ರ ನಾನೂ ಇರಂಗಿಲ್ಲ,” ಎಂದಳು ಅವ್ವ. “ಕಂಪ್ಲಿಗೆ ಹೋಗ್ತೀನಿ. ನಮ್ಮಣ್ಣನ ಮನಿ ಬಾಗ್ಲ ಅಗಲ ಐತಿ.”

ಬೀರುವನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ ಪ್ಲಾಸ್ಟಿಕ್ ಹೊದಿಸಿದೆವು. ಅವ್ವ ಮೇಲೆ ಬಂದಳು, ಉಂಡಳು, ಮಲಗಿದಳು, ಆದರೆ ಚೀಲ ಬಿಚ್ಚಲಿಲ್ಲ. ಸೀರೆಗಳ ಚೀಲ ಬಾಗಿಲ ಪಕ್ಕದಲ್ಲೇ, ಬಸ್ ಸ್ಟ್ಯಾಂಡಿನಲ್ಲಿ ಇಟ್ಟ ಹಾಗೆ. ಹಗಲೆಲ್ಲ ಕೆಳಗಿಳಿದು ಬೀರುವಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುವಳು. ಎರಡನೆಯ ದಿನ ನಾನೂ ಹೋಗಿ ಮೆಟ್ಟಿಲ ಮೇಲೆ ಕುಳಿತೆ. ಒಂದು ತಗಡಿನ ಡಬ್ಬಿಗೋಸ್ಕರ ಅಪ್ಪನನ್ನು ಬಿಟ್ಟು ಹೋಗುತ್ತೀಯಾ ಎಂದು ಜಗಳ ತೆಗೆದೆ.

ಅವಳು ಜಗಳಕ್ಕೆ ಬರಲಿಲ್ಲ. “ಮಗಳ ಮನ್ಯಾಗ ಉಂಡು ಹೋಗೋದು ಬ್ಯಾರೆ, ಇರೋದು ಬ್ಯಾರೆ. ನಂದು ಅನ್ನೋದು ಒಂದರ ಇರಬೇಕಲ್ಲವ್ವಾ. ಇಲ್ಲಂದ್ರ ಅಳಿಯನ ಮುಂದ ದಿನಾ ಬೀಗತಿಯಂಗ ಕುಂದರಬೇಕು,” ಎಂದಳು.

ಎರಡು ದಿನದಿಂದ ಹಟ, ಹಟ ಎಂದು ಅಂದುಕೊಂಡಿದ್ದೆ. ಅವಳಿಗೆ ಹೆದರಿಕೆಯಾಗಿತ್ತು. ದಿನವೂ ಊರೂರಿನವರಿಗೆಲ್ಲ ಹಂಪಿಯ ಕಲ್ಲುಗಳ ಕತೆ ಬಿಡಿಸಿ ಹೇಳುವ ನನಗೆ ನನ್ನ ಅವ್ವನ ಮುಖ ಓದಲು ಬಂದಿರಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಕಂಪ್ಲಿಯಿಂದ ಸೋದರಮಾವನ ಟೆಂಪೋ ಬಂತು, ಬೀರುವಿಗೂ ಅವ್ವನಿಗೂ. ನಾನು ಕೀಲಿ ಕೇಳಿದೆ. ಯಾಕೆ ಎನ್ನದೆ ಕೊಟ್ಟಳು. ಬೀರು ತೆಗೆದು ತಳದಲ್ಲಿದ್ದ ಕಂಬಳಿಯನ್ನು ಎಳೆದುಕೊಂಡು ಮೆಟ್ಟಿಲು ಹತ್ತಿದೆ. ಎಸೆದುಬಿಟ್ಟೇನು ಎಂಬ ಭಯಕ್ಕೆ ಅವ್ವ ಹಿಂದೆಯೇ ಬಂದಳು. ಕೋಣೆಯಲ್ಲಿ ನನ್ನ ಮರದ ಕಪಾಟು ಖಾಲಿಯಾಗಿ ಬಾಗಿಲು ತೆರೆದುಕೊಂಡು ನಿಂತಿತ್ತು. ನನ್ನ ಸೀರೆ, ಗಂಡನ ಅಂಗಿ, ನನ್ನ ಫ್ರೆಂಚ್ ಪುಸ್ತಕ, ಎಲ್ಲ ಬೆಳಿಗ್ಗೆಯೇ ಮಂಚದ ಮೇಲೆ ರಾಶಿ ಹಾಕಿದ್ದೆ. ಬಗ್ಗಿ ಕಂಬಳಿ ಹಾಸತೊಡಗಿದೆ. ಹಾಸುತ್ತಲೇ ಆ ಶಿಕ್ಷಕಿ ಹೇಳಿದ್ದನ್ನೂ ಹೇಳಿದೆ: ಬೀರು ಎಂದರೆ ಮೊದಲು ಪೆಟ್ಟಿಗೆಯಲ್ಲ, ಹಾಸುವ ಒರಟು ಬಟ್ಟೆ, ಕುರುಬರ ಕಂಬಳಿಯಂಥದ್ದು.

ಅವ್ವ ಬಗ್ಗಿ ಕಂಬಳಿಯ ಅಂಚು ಹಿಡಿದಳು.

“ಇದನ್ನ ಹೇಳಾಕ ಆಕಿ ಅಷ್ಟು ದೂರದಿಂದ ಬರಬೇಕಾತೇನು? ಕಂಬಳಿ ಹಾಸದ ಬೀರು ಬರೇ ತಗಡು ಅಂತ ನಮ್ಮವ್ವ ಅವತ್ತೇ ಅಂದಿದ್ಲು,” ಎಂದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿದಳು. “ಹಂಗಲ್ಲ, ಅಂಚು ಬಾಗ್ಲ ಕಡೆ ಬರಬೇಕು. ಬಿಡು ಇತ್ತಾಗ.”

ತಾನೇ ಕಂಬಳಿ ಮಡಿಸಿ, ಎಳೆದು, ಅಂಗೈಯಿಂದ ಸವರಿ ಹಾಸಿದಳು. ದೋಣಿಮಲೈಯ ಕೆಂಪು ಧೂಳು ನನ್ನ ಬಿಳಿ ಟೈಲ್ಸಿನ ಮೇಲೆಲ್ಲ ಉದುರಿತು. ಬಾಗಿಲ ಪಕ್ಕದ ಚೀಲ ತರಲು ಅಪ್ಪನಿಗೆ ಹೇಳಿದಳು. ಅಪ್ಪ ಅಳತೆಗಿಳತೆ ಮಾಡದೆ ಓಡಿಹೋಗಿ ತಂದ. ಟೆಂಪೋ ಬೀರುವನ್ನಷ್ಟೇ ಹೊತ್ತು ಕಂಪ್ಲಿಗೆ ಹೋಯಿತು. ಸೋದರಮಾವ ಅದರಲ್ಲಿ ಈಗ ಬೀಜದ ಭತ್ತದ ಚೀಲ ಇಡುತ್ತಾನೆ.

ಸಂಜೆ ಅವ್ವ ಕಪಾಟಿನ ಕೀಲಿ ಎಲ್ಲಿ ಎಂದು ಕೇಳಿದಳು. ನಾವು ಅದಕ್ಕೆ ಬೀಗ ಹಾಕಿದ್ದೇ ಇಲ್ಲ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಹುಡುಕಿ ತಂದುಕೊಟ್ಟೆ. ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಂಚದ ಮೇಲಿನ ರಾಶಿಯನ್ನೂ ಅವಳೇ ಒಂದೊಂದಾಗಿ ಮಡಿಸಿ ಒಳಗಿಟ್ಟಳು, ಅಳಿಯನ ಅಂಗಿಗಳಿಗೂ ಒಂದು ಮೂಲೆ ಕೊಟ್ಟಳು. ಈಗ ಬೆಳಿಗ್ಗೆ ಹಂಪಿಗೆ ಹೊರಡುವಾಗ ನನ್ನ ಗೈಡ್ ಕಾರ್ಡು ಬೇಕಾದರೂ ಅವ್ವನನ್ನೇ ಕೇಳಬೇಕು. ಅವಳು ಸ್ನಾನಕ್ಕೆ ಹೋಗಿದ್ದರೆ, ಬರುವವರೆಗೆ ಕಾಯುತ್ತೇನೆ.