ಒಲೆ ಮುಟ್ಟದ ಊಟ

ನನ್ನ ಮೂಗಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಗಡಿಯಾಚೆ, ಮರಾಠಿ ಸೀಮೆಯ ಉಮರ್ಗಾದಲ್ಲಿ ನಮ್ಮದು ಮೂರು ತಲೆಮಾರಿನ ದವಸದ ಅಡತಿ ಅಂಗಡಿ. ದಾಳಿಂಬ, ಗುಂಜೋಟಿ ಊರುಗಳ ಕಡೆಯಿಂದ ತೊಗರಿ, ಸೋಯಾಬೀನ್ ಬಂದಿಳಿದರೆ ಚೀಲದ ಬಾಯಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆದು ಮೂಸಿದೆನೆಂದರೆ ಮುಗಿಯಿತು; ಯಾವುದು ಮಳೆಗೆ ನೆನೆದದ್ದು, ಯಾವುದರಲ್ಲಿ ಹಳೆಯ ಮಾಲು ಬೆರೆಸಿದ್ದಾರೆ ಎಂದು ಹೇಳಿಬಿಡುತ್ತೇನೆ. ರೈತರು ಎದುರಿಗೆ ಹೊಗಳುತ್ತಾರೆ, ಹಿಂದೆ ಏನನ್ನುತ್ತಾರೋ ಗೊತ್ತಿಲ್ಲ. ಇಂಥ ಮೂಗೇ ನಮ್ಮ ಮನೆಯ ನಾಯಿಯನ್ನು ಸಾವಿನ ಬಾಗಿಲಿಗೆ ಒಯ್ದಿತು ಎಂದು ಬರೆಯಲು ನನಗೇನೂ ಸಂತೋಷವಿಲ್ಲ. ಆದರೆ ನನ್ನ ಹೆಂಡತಿ ಈ ಕತೆಯನ್ನು ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಹೇಳಿ ಮುಗಿಸಿದ್ದಾಳೆ. ಮುಚ್ಚಿಟ್ಟು ಉಳಿಸಿಕೊಳ್ಳಬೇಕಾದ ಮಾನ ಇನ್ನೇನೂ ಉಳಿದಿಲ್ಲ.

ನಾಯಿ ಬಂದದ್ದು ನಿಲಂಗಾದಿಂದ, ಹೆಂಡತಿಯ ತವರುಮನೆಯಿಂದ. ಅವಳ ತಮ್ಮ ಜರ್ಮನ್ ಶೆಫರ್ಡ್ ಜಾತಿಯ ಮರಿಯೊಂದನ್ನು ಚಪ್ಪಲಿಯ ಡಬ್ಬಿಯಲ್ಲಿಟ್ಟು ತಂದುಕೊಟ್ಟ. ನಮ್ಮದು ಲಿಂಗವಂತರ ಮನೆ. ಮಾಂಸವಿರಲಿ, ತತ್ತಿಯ ಹೆಸರನ್ನೂ ಯಾರೂ ಎತ್ತುವುದಿಲ್ಲ. ಅವ್ವ ಆ ಡಬ್ಬಿಯನ್ನು ನೋಡಿದಳು, ಮರಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನಾಯಿ ಇರ್ಲಿ. ಆದ್ರ ತಮ್ಮಾ, ಖಂಡ ಈ ಹೊಸ್ತಿಲ ದಾಟಿ ಒಳಗ ಬಂದ ದಿನ ನಾ ಉದಗೀರಕ್ಕ ಮಗಳ ಮನಿಗಿ ಹೋಗ್ತೀನಿ. ತಿರುಗಿ ಬರಂಗಿಲ್ಲ."

ಅವ್ವನ ಮಾತು ಬರಿಯ ಬೆದರಿಕೆಯಾಗುವುದಿಲ್ಲ. ಎಂದೋ ಒಮ್ಮೆ ಅಪ್ಪನ ಮೇಲಿನ ಸಿಟ್ಟಿಗೆ ಚಹಾ ಬಿಟ್ಟವಳು, ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾದರೂ ಮತ್ತೆ ಕಪ್ಪು-ಬಸಿ ಮುಟ್ಟಿಲ್ಲ.

ಒಂದು ತಿಂಗಳೊಳಗೆ ಆ ನಾಯಿಗೆ ಮರುಳಾದವಳೂ ಅವ್ವನೇ. ದಿನಾ ಎರಡು ಹೊತ್ತು ಜೋಳದ ಭಕ್ಕರಿಯನ್ನು ಹಾಲಿನಲ್ಲಿ ಕಿವುಚಿ, ಹಿತ್ತಲ ಕಟ್ಟೆಯ ಮೇಲೆ ಕುಳಿತು, ಅದು ತಟ್ಟೆ ನೆಕ್ಕುವವರೆಗೂ ಅದರ ಬೆನ್ನ ಮೇಲೆ ಕೈಯಿಟ್ಟಿರುತ್ತಿದ್ದಳು. ಅವಳು ಎದ್ದು ಹೋದರೆ ಅದೂ ತಿನ್ನುವುದನ್ನು ನಿಲ್ಲಿಸುತ್ತಿತ್ತು. ನನ್ನನ್ನು ಕರೆಯುವಂತೆ ಅದನ್ನೂ "ತಮ್ಮಾ" ಎಂದೇ ಕರೆಯುತ್ತಿದ್ದಳು. ಊಟದ ಹೊತ್ತಿಗೆ ಕೂಗಿದರೆ ಇಬ್ಬರೂ ಏಳುತ್ತಿದ್ದೆವು. ಮೊದಲ ಭಕ್ಕರಿ ಸಿಗುತ್ತಿದ್ದದ್ದು ಅದಕ್ಕೆ.

ಮೂರನೆಯ ವರ್ಷ ನಾಯಿಯ ಕೂದಲು ಉದುರತೊಡಗಿತು. ಪಕ್ಕೆಲುಬು ಎಣಿಸುವಂತಾಯಿತು. ಡಾಕ್ಟರಿಗೆ ತೋರಿಸುವುದು ಬಿಟ್ಟು ನಾನು ಹೆಂಡತಿಯ ತಮ್ಮನಿಗೆ ಫೋನು ಮಾಡಿದೆ. ಅವನಿಗೆ ಉತ್ತರ ಹೇಳಲು ತಡವಾಗಲಿಲ್ಲ.

"ದಾಜೀ, ಅದು ತೋಳದ ಕುಲದ್ದು. ನೀವು ಭಕ್ಕರಿ ಹಾಕಿ ಹಾಕಿ ಅದಕ್ಕ ಸ್ವಾಮಿಗೋಳ್ನ ಮಾಡೀರಿ. ಹಸಿ ಖಂಡ ಹಾಕ್ರಿ, ಹಸೀದು! ಕಾಡಿನ್ಯಾಗ ತೋಳಕ್ಕ ಯಾರು ಒಲಿ ಹಚ್ಚಿ ಕೊಡ್ತಾರ?"

ಅಂದಿನಿಂದ ನಾನು ಫೋನಿನಲ್ಲಿ ಹಸಿ ಆಹಾರದ ವಿಡಿಯೋಗಳನ್ನು ನೋಡಲು ಕುಳಿತೆ. ಗಿರಾಕಿಗಳು ಬಂದು ನಿಂತರೂ ತಲೆ ಎತ್ತುತ್ತಿರಲಿಲ್ಲ. ನನಗೆ ಹಿಡಿಸಿದ್ದು ಅವರು ಹೇಳುವ ವಿಜ್ಞಾನವಲ್ಲ. ನನಗೆ ಹಿಡಿಸಿದ್ದು ಹಸಿ ಎಂಬ ಮಾತು. ಬೇಯಿಸಬೇಕಾಗಿದ್ದರೆ ಒಲೆ ಬೇಕು, ಪಾತ್ರೆ ಬೇಕು, ಸೌಟು ಬೇಕು, ಎಲ್ಲವೂ ಮೈಲಿಗೆ. ಹಸಿಯದಕ್ಕೆ ಏನೂ ಬೇಡ. ಮನೆಯ ಹೊಸ್ತಿಲನ್ನೂ ದಾಟಿಸಬೇಕಿಲ್ಲ, ಗೋದಾಮಿನ ಹಿಂದೆಯೇ ಹಾಕಿಬಿಡಬಹುದು. ಖಂಡದ ಊಟಗಳಲ್ಲೆಲ್ಲ ಲಿಂಗವಂತರಿಗೆ ಒಗ್ಗುವಂಥದ್ದು ಇದೊಂದೇ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ನಾಯಿಯ ಹೊಟ್ಟೆಗೆ ಏನು ಒಗ್ಗುತ್ತದೆ ಎಂದು ಯೋಚಿಸಲು ನೆನಪಾಗಲಿಲ್ಲ.

ಉಮರ್ಗಾದಲ್ಲಿ ಕೊಂಡರೆ ಸಂಜೆಯೊಳಗೆ ಅವ್ವನ ಕಿವಿಗೆ ಬೀಳುತ್ತದೆ. ಅದಕ್ಕೇ ಒಂದು ಭಾನುವಾರ ಮೋಟರ್‌ಸೈಕಲ್ ಹತ್ತಿ ನಿಲಂಗಾಕ್ಕೆ ಹೋದೆ. ನಿನ್ನ ತವರುಮನೆಗೆ ಹೋಗಿಬರುತ್ತೇನೆ ಎಂದಾಗ ಹೆಂಡತಿಯ ಮುಖ ಅರಳಿತು. ಇಪ್ಪತ್ತೆರಡು ವರ್ಷಗಳಲ್ಲಿ ಕರೆಯದೆ ನಾನು ಅಲ್ಲಿಗೆ ಹೋದದ್ದೇ ಇಲ್ಲ. ಊರ ಹೊರಗೆ ಗಾಡಿ ನಿಲ್ಲಿಸಿ ಹಣೆಯ ವಿಭೂತಿ ಒರೆಸಿಕೊಂಡೆ. ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಅಂಗಿಯೊಳಗೇ ಬೆನ್ನಿನ ಕಡೆ ಸರಿಸಿದೆ. ದೇವರಿಗೆ ಹಿಂದಿನಿಂದ ಕಾಣುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ, ಆದರೂ ಸರಿಸಿದೆ. ಹೆಲ್ಮೆಟ್ ತೆಗೆಯದೆ ಖಂಡದ ಅಂಗಡಿಯ ಮುಂದೆ ನಿಂತೆ.

ಎಲ್ಲ ಸರಿಯಾಗಿಯೇ ನಡೆದಿತ್ತು. ಅಂಗಡಿಯವನು ಆಡಿನ ಖಂಡವನ್ನು ತುಂಡು ಮಾಡಿ ಹಲಗೆಯ ಮೇಲಿಟ್ಟ. ನನ್ನ ಕೈ ನನ್ನನ್ನು ಕೇಳಲಿಲ್ಲ. ಮೂವತ್ತು ವರ್ಷದ ರೂಢಿ. ತಾನಾಗಿ ಮುಂದೆ ಹೋಗಿ ಒಂದು ಮುಷ್ಟಿ ತೆಗೆದು, ಅಂಗೈಯಲ್ಲಿ ಒಮ್ಮೆ ಹೊರಳಿಸಿ, ಹೆಲ್ಮೆಟ್ಟಿನ ಕಿಂಡಿಯೊಳಗೆ ಮೂಗಿಗೆ ಹಿಡಿಯಿತು. ನಿಂತ ಗಿರಾಕಿಗಳೆಲ್ಲ ನನ್ನ ಕಡೆ ತಿರುಗಿದರು. ಮುಷ್ಟಿ ಬಿಚ್ಚಿ ತುಂಡುಗಳನ್ನು ಹಲಗೆಯ ಮೇಲೆ ಬಿಟ್ಟು ಹಿಂದೆ ಸರಿದೆ.

ಅಂಗಡಿಯವನು ಗಟ್ಟಿಯಾಗಿ ನಕ್ಕ. "ಅರೆ, ಉಮರ್ಗಾದ ಸಾವಕಾರ್ರು! ಹೆಲ್ಮೆಟ್ ಇತ್ತಂತ ಗುರುತ ಸಿಗ್ಲಿಲ್ಲ. ಮುಷ್ಟಿ ಹಿಡಿದಾಗ ಸಿಕ್ತು. ಹೋದ ವರ್ಷ ನನ್ನ ಸೋಯಾಬೀನ್ ಹಿಂಗೇ ಮೂಸಿ ತಿರುಗಿ ಕಳಿಸಿದ್ರಿ ನೋಡ್ರಿ."

ನಾಯಿಗಾಗಿ ಎಂದು ತೊದಲಿದೆ. ನಾಯಿ ಎಂದು ಸುಳ್ಳು ಹೇಳುವವರನ್ನು ಬಹಳ ಕಂಡವನಂತೆ ಅವನು ತಲೆಯಾಡಿಸಿದ. ಆದರೂ ಒಳ್ಳೆಯವನು. ಕಟ್ಟಿಕೊಡುವಾಗ ಒಂದು ಮಾತು ಹೇಳಿದ: "ಮುಂಜಾನಿ ಕೊಯ್ದದ್ದು ಅದ್ರೀ. ಇವತ್ತೇ ಹಾಕಿ ಮುಗಸ್ರಿ. ಹಸೀದು ಇಟ್ಕೋಬ್ಯಾಡ್ರಿ, ಬಿಸಲ ಭಾಳ ಅದ."

ನಾನು ವಿಡಿಯೋ ನೋಡಿದವನು, ಅವನ ಮಾತು ಏಕೆ ಕೇಳಲಿ? ಗೋದಾಮಿನಲ್ಲಿ ತಣ್ಣೀರಿಗೆಂದು ಇಟ್ಟಿದ್ದ ಸಣ್ಣ ಫ್ರಿಜ್ಜಿತ್ತು. ಬಾಟಲಿಗಳನ್ನೆಲ್ಲ ಹೊರಗೆ ಹಾಕಿ ಏಳು ಡಬ್ಬಿ ತುಂಬಿ, ದಿನಕ್ಕೊಂದರಂತೆ ವಾರದ ಹೆಸರು ಬರೆದು ಜೋಡಿಸಿದೆ. ಅಡ್ಡಾಡಿಸುವ ನೆವದಲ್ಲಿ ಕರೆತಂದ ನಾಯಿ ಮೊದಲ ದಿನ ಆ ತುಂಡನ್ನು ಮೂಸಿ ನನ್ನ ಮುಖ ನೋಡಿತು. ಇದು ನಮ್ಮ ಮನೆಯದೇ ಎಂದು ಅದಕ್ಕೂ ಅನುಮಾನ. ಆಮೇಲೆ ಒಂದೇ ಗುಕ್ಕಿಗೆ ನುಂಗಿತು. ನಾನು ಮೂಗಿಗೆ ಟವೆಲ್ ಕಟ್ಟಿಕೊಂಡು, ಮುಖ ತಿರುಗಿಸಿ, ದೂರದಿಂದಲೇ ಡಬ್ಬಿ ಬೋರಲು ಹಾಕುತ್ತಿದ್ದೆ.

ಭಾನುವಾರಕ್ಕೊಮ್ಮೆ ನಿಲಂಗಾಕ್ಕೆ ಹೋಗಿ ತಂದು ಡಬ್ಬಿ ತುಂಬುತ್ತಿದ್ದೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಹೊಸ ಕೂದಲು ಬಂತು. ಮೈ ಮಿಂಚತೊಡಗಿತು. ನನ್ನನ್ನು ಹಿಡಿಯುವವರಿರಲಿಲ್ಲ. ತೊಗರಿ ಮಾರಲು ಬಂದ ರೈತರನ್ನು ಕೂರಿಸಿಕೊಂಡು ನನ್ನ ಗುಟ್ಟೊಂದನ್ನು ಬಿಟ್ಟು ತೋಳದ ಕರುಳಿನ ಬಗ್ಗೆ ಉಪದೇಶ ಮಾಡುತ್ತಿದ್ದೆ. ಗುಂಜೋಟಿಯ ಮುದುಕರೊಬ್ಬರು ಎಲ್ಲ ಕೇಳಿ, "ಅದೆಲ್ಲಾ ಖರೇ ಸಾವಕಾರ್ರ, ತೊಗರಿ ಭಾವ ಏನ್ ಹೇಳ್ತೀರಿ?" ಎಂದರು.

ಆಮೇಲೆ ಬಿಸಿಲು ಇನ್ನೂ ಏರಿತು. ಒಂದು ಮುಂಜಾನೆ ಗೋದಾಮು ತೆರೆದು ಫ್ರಿಜ್ಜಿನ ಬಾಗಿಲು ತೆಗೆದರೆ ದೀಪ ಹತ್ತಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಡಬ್ಬಿ ತೆಗೆದೆ. ಅಂದು ಧೈರ್ಯ ಮಾಡಿ ಟವೆಲ್ ಬಿಚ್ಚಿ ಮೂಸಿಯೂ ನೋಡಿದೆ. ಕೆಟ್ಟ ವಾಸನೆ. ಆದರೆ ಅದು ಮೊದಲ ದಿನದಿಂದಲೂ ನನಗೆ ಕೆಟ್ಟ ವಾಸನೆಯೇ! ತಾಜಾ ಖಂಡ ಹೇಗಿರುತ್ತದೆ ಎಂದು ಗೊತ್ತಿದ್ದವನಿಗಲ್ಲವೇ ಹಳಸಿದ್ದು ಗೊತ್ತಾಗುವುದು. ಒಂದು ಚೀಲದಲ್ಲಿ ಹತ್ತು ಕಾಳು ಮುಗ್ಗಿದ್ದರೆ ಹಿಡಿಯುವ ಮೂಗು, ಕಣ್ಣೆದುರು ಕೊಳೆಯುತ್ತಿದ್ದದ್ದನ್ನು ಎಂದಿನಂತೆಯೇ ಇದೆ ಎಂದು ಪಾಸು ಮಾಡಿತು. ಡಬ್ಬಿ ಬೋರಲು ಹಾಕಿ ಅಂಗಡಿಗೆ ಹೋದೆ.

ಸಂಜೆಯಿಂದ ವಾಂತಿ. ಮರುದಿನ ಬೆಳಿಗ್ಗೆ ರಕ್ತ ಬೆರೆತ ಭೇದಿ. ಅವ್ವ ಭಕ್ಕರಿಯ ತಟ್ಟೆ ಹಿಡಿದು "ತಮ್ಮಾ" ಎಂದರೆ ಕಿವಿ ಅಲುಗಿತೇ ಹೊರತು ತಲೆ ಏಳಲಿಲ್ಲ. ಅವ್ವ ತಟ್ಟೆ ಕೆಳಗಿಟ್ಟು ಅದರ ಬಾಯಿಯ ಹತ್ತಿರ ಬಗ್ಗಿದಳು. ನಾಯಿ ಸತ್ತರೆ ಅವ್ವನಿಗೆ ಏನು ಹೇಳುವುದು, ಉಳಿದರೆ ಏನು ಹೇಳುವುದು, ಎರಡೂ ಗೊತ್ತಾಗಲಿಲ್ಲ.

ಉದಗೀರದಲ್ಲಿ ದನ-ನಾಯಿಗಳಿಗೆ ಒಳ್ಳೆಯ ಡಾಕ್ಟರರಿದ್ದಾರೆ ಎಂದು ಕೇಳಿ ಕಾರಿನಲ್ಲಿ ಹಾಕಿಕೊಂಡು ಹೊರಟೆ. ಅವ್ವ ತಾನೂ ಹಿಂದಿನ ಸೀಟಿನಲ್ಲಿ ಕುಳಿತು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಡಾಕ್ಟರರೂ ಗಡಿಯ ಕಡೆಯವರೇ. ಹೊಟ್ಟೆ ಒತ್ತಿ ನೋಡುತ್ತ ಕನ್ನಡದಲ್ಲೇ ಕೇಳಿದರು.

"ಏನ್ ತಿಂದದ್ರೀ ಇದು?"

"ಭಕ್ಕರಿ ಹಾಲು," ಎಂದೆ.

"ಬರೇ ಭಕ್ಕರಿ ಹಾಲಿಗಿ ಹಿಂಗ ಆಗಂಗಿಲ್ಲ. ಖರೇ ತಿಳೀಲಿಲ್ಲಂದ್ರ ನಾ ಔಷಧ ಹೆಂಗ ಕೊಡ್ಲಿ?"

ನಾಯಿ ಕಣ್ಣು ಮುಚ್ಚಿಕೊಂಡು ನರಳಿತು. ಒಂದು ಜೀವ ಹೋಗುತ್ತಿದ್ದರೂ ನನ್ನ ಮಾನದ ಲೆಕ್ಕ ಹಾಕುತ್ತ ನಿಂತಿದ್ದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಅವ್ವ ನನ್ನ ಕಡೆ ನೋಡದೆ ಹೇಳಿದಳು:

"ಡಾಕ್ಟರ್ರ, ಇಂವ ಇದಕ್ಕ ಖಂಡ ತಿನ್ನಸ್ಯಾನ. ಹಸೀದು. ನಿನ್ನಿದು ಕೆಟ್ಟಿತ್ತು ಕಾಣ್ತದ. ಅದರ ಬಾಯಿ ವಾಸನಿ ಬ್ಯಾರೇನೇ ಇತ್ತು."

ಸಲೈನು ಹಚ್ಚಿದರು, ಇಂಜೆಕ್ಷನ್ ಕೊಟ್ಟರು. ನಾಲ್ಕು ದಿನ ಮೆತ್ತಗಿನ ಅನ್ನ, ಮೊಸರು. ಆಮೇಲೆ ಖಂಡ ಹಾಕುವುದಾದರೆ ಚೆನ್ನಾಗಿ ಕುದಿಸಿಯೇ ಹಾಕಬೇಕು, ನಿಮ್ಮಂಥವರಿಗೆ ಈ ಹಸಿಯ ಉಸಾಬರಿ ಬೇಡ ಎಂದರು. ಕುದಿಸಿ ಎಂದದ್ದೇ ನಾನು ಅವ್ವನ ಮುಖ ನೋಡಿದೆ.

ಹೊರಗೆ ಬಂದು ಕಾರಿನಲ್ಲಿ ಕುಳಿತೆವು. ಅಕ್ಕನ ಮನೆ ಅಲ್ಲಿಂದ ಎರಡು ಗಲ್ಲಿ ಆಚೆ. ಅವ್ವ ಈಗ ಇಳಿಯುತ್ತೇನೆ ಎನ್ನುತ್ತಾಳೆ ಎಂದು ಕಾದೆ. ಚಾವಿ ತಿರುಗಿಸದೆ ಕೇಳಿದೆ, "ನಿನಗ ಯಾವಾಗಿಂದ ಗೊತ್ತದ ಅವ್ವಾ?"

"ಮೊದಲ್ನೇ ದಿನದಿಂದ. ಅದರ ಬಾಯಿ ವಾಸನಿ ಬಂತು, ನಿನ್ನ ಅಂಗಿ ವಾಸನಿನೂ ಬಂತು. ನನಗ ಮೂಗಿಲ್ಲೇನು?"

"ಮತ್ತ ಸುಮ್ಮನ್ಯಾಕ ಇದ್ದಿ?"

ಅವ್ವ ನಾಯಿಯ ಕಿವಿ ಸವರಿದಳು. "ಕೂದಲ ಬರ್ಲಾಕತ್ತಿದ್ವು. ನೀನೂ ಹೊಸ್ತಿಲ ದಾಟಿಸಿರ್ಲಿಲ್ಲ. ಗಾಡಿ ಮನಿಗಿ ಹೊಡಿ."

ನನ್ನ ಮೂಗು ಎಲ್ಲಿಂದ ಬಂದದ್ದೆಂದು ಅಂದು ತಿಳಿಯಿತು. ಉಪಾಯ ಹುಡುಕುವ ಬುದ್ಧಿಯೂ ಅಲ್ಲಿಂದಲೇ ಬಂದಿರಬೇಕು. ಅವಳದು ಕೆಲಸಕ್ಕೆ ಬರುತ್ತದೆ, ನನ್ನದು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ನಾಲ್ಕು ದಿನ ನಾಯಿ ಅವ್ವನ ಬೆರಳಿನಿಂದ ಮೊಸರನ್ನ ನೆಕ್ಕಿತು. ಐದನೆಯ ದಿನ ಎದ್ದು ನಿಂತಿತು, ಆದರೆ ಕಾಲಲ್ಲಿ ಬಲವಿರಲಿಲ್ಲ. ಅವ್ವ ನನ್ನನ್ನು ಕರೆದಳು. "ಹೋಗಿ ಖಂಡ ತಾ. ನಿಲಂಗಾಕ್ಕ ಹೋಗಬ್ಯಾಡ, ಇಲ್ಲೇ ಬಜಾರದಾಗ ತಾ. ಹಗಲಿಗಿ, ನಮ್ಮ ನಾಯಿಗಿ ಅಂತ ಹೇಳಿ ತಾ. ಬರ್ವಾಗ ಹಿತ್ತಲ ಬಾಗಲದಿಂದ ಬಾ, ಒಲಿ ಹೂಡಾಕ ಕಲ್ಲೂ ತಾ."

ಹೆಲ್ಮೆಟ್ ಇಲ್ಲದೆ, ವಿಭೂತಿ ಹಚ್ಚಿದ ಹಣೆಯಲ್ಲೇ, ನನ್ನ ಅಂಗಡಿಯ ಮುಂದಿನಿಂದಲೇ ಖಂಡದ ಕಪ್ಪು ಚೀಲ ಹಿಡಿದು ನಡೆದು ಬಂದೆ. ಇಬ್ಬರು ನಮಸ್ಕಾರ ಮಾಡಿದರು, ಮೂರನೆಯವರು ಚೀಲ ನೋಡಿ ನಿಂತರು. "ನಾಯಿಗಿ," ಎಂದೆ. ಅವರು ನಂಬಿದರೋ ಇಲ್ಲವೋ, ನಾನು ನಿಂತು ನೋಡಲಿಲ್ಲ.

ಹಿತ್ತಲಲ್ಲಿ ಅವ್ವ ಅಟ್ಟದಿಂದ ಒಂದು ಹಳೆಯ ಅಲ್ಯೂಮಿನಿಯಂ ಪಾತ್ರೆ ಇಳಿಸಿಕೊಂಡು ಕುಳಿತಿದ್ದಳು. ಅವಳ ತವರು ಸಾಸ್ತೂರ. ತೊಂಬತ್ತಮೂರರಲ್ಲಿ ಭೂಕಂಪವಾಗಿ ಊರು ನೆಲಕ್ಕುರುಳಿದಾಗ ತವರಿನಲ್ಲಿ ಉಳಿದವರನ್ನು ನೋಡಿಕೊಳ್ಳಲು ಹೋಗಿ ಎಷ್ಟೋ ತಿಂಗಳು ಪತ್ರಾಸಿನ ತಗಡು ಶೆಡ್ಡಿನಲ್ಲಿದ್ದಳು. ಆ ದಿನಗಳ ಮಾತನ್ನು ಅವಳು ಎಂದೂ ಎತ್ತಿದವಳಲ್ಲ.

"ಅಲ್ಲಿ ಸಾಲಿಗಿ ಒಲಿ ಇದ್ವು," ಎಂದಳು, ಪಾತ್ರೆಯ ತಳ ಒರೆಸುತ್ತ. "ಬಾಜೂದಾಕಿ ಒಲಿ ಮ್ಯಾಲ ಖಂಡ ಕುದೀತಿತ್ತು. ಆಕಿ ಹಸಿ ಬಾಣಂತಿ, ಗಂಡ ಮಣ್ಣಾಗ ಹೋಗಿದ್ದ. ಆಕಿಗಿ ಏಳಾಕ ಆಗ್ತಿರ್ಲಿಲ್ಲ. ಉರಿ ನಾನೇ ನೋಡ್ಕೊಂಡೆ, ಗಂಗಾಳಕ್ಕ ನಾನೇ ಬಡಿಸ್ದೆ. ಆವತ್ತ ನನಗ ಯಾವ ಮೈಲಿಗಿನೂ ನೆನಪಾಗ್ಲಿಲ್ಲ ತಮ್ಮಾ."

ನಾನು ತಂದ ಕಲ್ಲುಗಳನ್ನು ಅವಳ ಮುಂದಿಟ್ಟೆ. ಅವಳು ಎಣಿಸಿದಳು. ಮೂಲೆಗೊಂದರಂತೆ ನಾಲ್ಕು ತಂದಿದ್ದೆ. ಒಲೆಗೆ ಮೂರು ಕಲ್ಲು ಎನ್ನುವುದೂ ಗೊತ್ತಿಲ್ಲದವನು ಆರು ವಾರ ಒಲೆಗೆ ಹೆದರಿ ಊರೂರು ತಿರುಗಿದ್ದೆ.

"ನಾಕನೇದರ ಮ್ಯಾಲ ನೀ ಕೂಡು," ಎಂದು ಸೌಟನ್ನು ನನ್ನ ಕೈಗೆ ಕೊಟ್ಟಳು.

ಕುಳಿತೆ. ಉರಿ ಊದಲು ಬಗ್ಗುವಾಗ ಕೈ ತಾನಾಗಿ ಅಂಗಿಯೊಳಗೆ ಹೋಗಿ ಕರಡಿಗೆಯನ್ನು ಬೆನ್ನಿಗೆ ಸರಿಸಿತು. ಅವ್ವ ನೋಡಿದಳು.

"ಲಿಂಗ ಮುಂದಕ್ಕ ತಗೋ. ಹಸದ ಜೀವಕ್ಕ ಉಣ್ಣಸ್ಲಾಕತ್ತೀವಿ, ಕಳುವೇನ್ ಮಾಡ್ಲಾಕತ್ತೀವಾ?"

ಮುಂದಕ್ಕೆ ತೆಗೆದುಕೊಂಡೆ. ಹೊಗೆಗೆ ಕಣ್ಣಲ್ಲಿ ನೀರು ಬಂತು, ಹೊಗೆ ಇದ್ದದ್ದು ಒಳ್ಳೆಯದಾಯಿತು. ಕುದಿದದ್ದನ್ನು ಆರಿಸಿ, ಅನ್ನಕ್ಕೆ ಕಲಸಿ ತಟ್ಟೆಗೆ ಹಾಕಿ ಇಟ್ಟೆ. ನಾಯಿ ಮೂಸಿ, ಬಾಯಿ ಹಾಕದೆ ಕಟ್ಟೆಯ ಕಡೆ ನೋಡಿತು. ಅವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಅದು ತಟ್ಟೆ ನೆಕ್ಕಿ ಮುಗಿಸುವವರೆಗೂ ಗೋಡೆಯ ಕಡೆ ಮುಖ ತಿರುಗಿಸಿಕೊಂಡು, ಅದರ ಬೆನ್ನ ಮೇಲೆ ಕೈಯಿಟ್ಟೇ ಇದ್ದಳು.